ಕೀಳೋಕೆ ಒಂದು ನಿಮಿಷ ಸಾಕು

ಸೋಮವಾರ ಬೆಳಿಗ್ಗೆ ನಮ್ಮ ಟೀಮಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಒದ್ದೆ ಪೇಪರಿನಲ್ಲಿ ಸುತ್ತಿದ ಒಂದು ಗಿಡ. ದಪ್ಪ ದಪ್ಪ ಎಲೆ, ಕೆಳಗೆ ಎರೆಹುಳುವಿನಂಥ ಬೇರು, ಬೇರಿಗೆ ಇನ್ನೂ ಕಚ್ಚಿಕೊಂಡಿದ್ದ ಮರದ ತೊಗಟೆ. "ಸಕಲೇಶಪುರ ದಾಟಿದ ಮೇಲೆ ರಸ್ತೆ ಪಕ್ಕ ಸಿಕ್ತು. ವೈಲ್ಡ್ ಆರ್ಕಿಡ್. ಬರೀ ಇನ್ನೂರು ರೂಪಾಯಿ!" ಅಂತ ಕೆಳಗೆ ಬರೆದಿತ್ತು. ಟಪಟಪ ಹತ್ತಿಪ್ಪತ್ತು ಜನ ಹೃದಯದ ಚಿತ್ರ ಒತ್ತಿದರು. ನಾನು ಮಾತ್ರ "ಇದು ಕಳ್ಳಮಾಲು" ಅಂತ ಬರೆದೆ. ಗುಂಪು ಗಪ್‌ಚಿಪ್.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಒಬ್ಬ ಕೇಳಿದ, "ಏನ್ ಗುರು, ಒಂದು ಗಿಡಕ್ಕೆ ಅಷ್ಟೊಂದಾ?" ಅವನಿಗೆ ಅಲ್ಲಿ ಕೊಡಬೇಕಿದ್ದ ಉತ್ತರ ಎರಡು ಇಡ್ಲಿ ಮುಗಿಯುವುದರೊಳಗೆ ಹೇಳುವಷ್ಟು ಚಿಕ್ಕದಾಗಿರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪೊಪ್ಪಿಗೆ. ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಒಂದು ಗಿಡ ತಂದಿದ್ದೆ. ಅದೇ ಘಾಟಿ, ಅಂಥದ್ದೇ ಒದ್ದೆ ಪೇಪರು. ಬಾಲ್ಕನಿಯಲ್ಲಿ ತೂಗುಹಾಕಿ ದಿನಾ ನೀರು ಸುರಿದೆ. ಮೂರು ತಿಂಗಳಿಗೆ ಬೇರು ಕೊಳೆತು ಸತ್ತಿತು. ಬೇಜಾರಾಯ್ತು, ಆದರೆ ಪಾಪಪ್ರಜ್ಞೆ ಏನೂ ಕಾಡಲಿಲ್ಲ. ಗಿಡ ಸತ್ತರೆ ಇನ್ನೊಂದು ತಂದರಾಯ್ತು ಅನ್ನೋದು ನನ್ನ ಲೆಕ್ಕ. ಆ ಲೆಕ್ಕವೇ ತಪ್ಪು ಅಂತ ಗೊತ್ತಾಗಲು ನನಗೆ ಹನ್ನೆರಡು ಜಾಮ್ ಬಾಟಲಿ ಬೇಕಾದವು. ಅದನ್ನು ಆಮೇಲೆ ಹೇಳ್ತೀನಿ.

ನಾನು ದೇವದುರ್ಗ ತಾಲ್ಲೂಕಿನವನು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆ. ಬೇವು, ಜಾಲಿ, ಕೆರೆ ದಂಡೆಗೆ ಒಂದೆರಡು ಮಾವು, ಇಷ್ಟೇ ನಮ್ಮ ಹಸಿರು. ಮರದ ಮೇಲೆ ಇನ್ನೊಂದು ಗಿಡ ಕಂಡರೆ ನಮ್ಮಪ್ಪ ಅದಕ್ಕೆ "ಬದನಿಕಿ" ಅಂತಿದ್ದ. ಉದ್ದನೆ ಕೋಲಿಗೆ ಕುಡುಗೋಲು ಕಟ್ಟಿ ಎಳೆದು ಹಾಕುತ್ತಿದ್ದ. ಅಪ್ಪನದು ಸರಿಯೇ ಇತ್ತು. ಬದನಿಕೆ ಮರದೊಳಗೆ ಬೇರಿಳಿಸಿ ಮರದ ರಸ ಹೀರುತ್ತದೆ. ಆದರೆ ಮರದ ಮೇಲೆ ಕೂತ ಎಲ್ಲವೂ ಬದನಿಕೆಯಲ್ಲ. ಮರದ ಮೇಲಿನ ಆರ್ಕಿಡ್, ಅಂದರೆ ನಮ್ಮ ಮಲೆನಾಡಿನವರು ಸೀತಾಳೆ ಅನ್ನುವ ಗಿಡ, ಮರದಿಂದ ಕೂರಲು ಜಾಗ ಬಿಟ್ಟು ಬೇರೇನೂ ಕೇಳುವುದಿಲ್ಲ. ಮಳೆನೀರು, ಗಾಳಿಯ ತೇವ, ತೊಗಟೆಯ ಸಂದಿನಲ್ಲಿ ಕೂಡಿದ ಕಸ, ಅಷ್ಟರಲ್ಲೇ ಅದರ ಸಂಸಾರ. ಬಾಡಿಗೆ ಮನೆಯಲ್ಲಿದ್ದುಕೊಂಡು ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದ ಬಾಡಿಗೆದಾರ ಇದ್ದಂಗೆ.

ಮಲೆನಾಡಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಮರದಿಂದ ಜಡೆಯಂತೆ ಇಳಿಬಿದ್ದು ಹೂಬಿಡುವ ಸೀತಾಳೆದಂಡೆಯನ್ನು ನೀವು ಎಲ್ಲೋ ನೋಡಿರುತ್ತೀರಿ. ಹೆಂಗಸರು ಮುಡಿಯುವ ಹೂವು ಅದು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ರಿಂಕೋಸ್ಟೈಲಿಸ್ ರೆಟ್ಯೂಸಾ ಎಂದು ಹೆಸರು. ಅಸ್ಸಾಮಿನವರು ಅದನ್ನೇ ಕಪೌ ಫೂಲ್ ಅಂತ ಕರೆದು ಬಿಹು ಹಬ್ಬದಲ್ಲಿ ಮುಡಿಯುತ್ತಾರೆ. ಅದು ಅವರ ರಾಜ್ಯದ ಹೂವು. ನಮ್ಮ ದೇಶದಲ್ಲಿ ಇಂಥ ಆರ್ಕಿಡ್‌ಗಳು ಎಷ್ಟು ಬಗೆ ಗೊತ್ತಾ? ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ತಂದ ಪಟ್ಟಿಯಲ್ಲಿ 1256 ಬಗೆ. ಅದರಲ್ಲಿ 388 ಬಗೆ ನಮ್ಮ ದೇಶ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಆ 388ರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಪಶ್ಚಿಮ ಘಟ್ಟದ್ದು. ಅಂದರೆ ನಾವು ವೀಕೆಂಡಿಗೆ ಹೋಗಿ ಬರುವ ಜಾಗದ್ದು.

ಈಗ ಬೀಜದ ವಿಷಯಕ್ಕೆ ಬರೋಣ. ಇಡೀ ಜಗಳ ಇರೋದು ಅಲ್ಲೇ.

ಜೋಳದ ಕಾಳಿನೊಳಗೆ ಮೊಳಕೆಯ ಜೊತೆಗೆ ಅದಕ್ಕೆ ಬೇಕಾದ ಬುತ್ತಿಯೂ ಇರುತ್ತದೆ. ನಾವು ತಿನ್ನುವ ರೊಟ್ಟಿ ಆ ಬುತ್ತಿಯದ್ದೇ. ಸೀತಾಳೆಯ ಬೀಜಕ್ಕೆ ಬುತ್ತಿಯೇ ಇಲ್ಲ. ಒಂದು ಕಾಯೊಳಗೆ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜ. ಒಂದೊಂದೂ ಧೂಳಿನ ಕಣದಷ್ಟು. ಗಾಳಿಗೆ ಹಾರಿ ಮರದ ತೊಗಟೆಗೆ ಹೋಗಿ ಕೂತರೂ ತಾನಾಗಿ ಬೆಳೆಯಲಾರದು. ಅಲ್ಲಿ ಸರಿಯಾದ ಒಂದು ಶಿಲೀಂಧ್ರ ಇರಬೇಕು, ಅದು ಬೀಜದೊಳಗೆ ಹೊಕ್ಕು ಊಟ ಕೊಡಬೇಕು. ಹಾಗಾಗಿ ಲಕ್ಷದಲ್ಲಿ ಎಲ್ಲೋ ಒಂದೆರಡು ಬೀಜ ಗಿಡವಾದರೆ ಅದೇ ದೊಡ್ಡದು. ಈ ಗುಟ್ಟನ್ನು 1899ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ನೊಯೆಲ್ ಬರ್ನಾರ್. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಶಿಲೀಂಧ್ರ ಕೊಡುವುದು ಊಟ ತಾನೇ, ಅದನ್ನು ನಾವೇ ಕೊಟ್ಟರೆ? ಸಕ್ಕರೆ, ಒಂದಿಷ್ಟು ಲವಣ, ಗಟ್ಟಿಯಾಗಲು ಅಗರ್ ಹಾಕಿ, ಸೀಸೆಯೊಳಗೆ ಬೀಜ ಬಿತ್ತಿ, ಶಿಲೀಂಧ್ರದ ಹಂಗೇ ಇಲ್ಲದೆ ಮೊಳೆಸಿ ತೋರಿಸಿದ. ಇವತ್ತು ಜಗತ್ತಿನ ಪ್ರಯೋಗಾಲಯಗಳು ಬೀಜದಿಂದ ಆರ್ಕಿಡ್ ಬೆಳೆಸುವುದು ಈ ದಾರಿಯಲ್ಲೇ. ಅಂದರೆ ನೂರು ವರ್ಷದ ಹಳೇ ವಿದ್ಯೆ. ರಾಕೆಟ್ ಅಲ್ಲ ಸ್ವಾಮಿ. ಹಾಗಿದ್ದೂ ನಾವು ಇನ್ನೂ ಕಾಡಿನಿಂದ ಕಿತ್ತು ತರುತ್ತಿದ್ದೇವೆ.

ಸಾಫ್ಟ್‌ವೇರಿನವರಿಗೆ ಒಂದು ಕಾಯಿಲೆ ಇದೆ: ಓದಿದ್ದೆಲ್ಲ ಮಾಡಬಲ್ಲೆ ಅನ್ನೋದು. ಶಿರಸಿ ಕಡೆಯ ಗೆಳೆಯನ ಮನೆಯಂಗಳದ ಹಲಸಿನ ಮರದಲ್ಲಿ ತಾನಾಗೇ ಬಂದ ಸೀತಾಳೆದಂಡೆ ಇತ್ತು. ಅದರದ್ದೊಂದು ಬಲಿತ, ಇನ್ನೂ ಒಡೆಯದ ಕಾಯಿ ಕೇಳಿ ತಂದೆ. ಚೈನಾ ಗ್ರಾಸ್, ಸಕ್ಕರೆ, ಎಳನೀರು, ಗೊಬ್ಬರದ ಒಂದು ಚಿಟಿಕೆ, ಹನ್ನೆರಡು ಜಾಮ್ ಬಾಟಲಿ, ಪ್ರೆಷರ್ ಕುಕ್ಕರ್. ಅಡುಗೆಮನೆಯ ಕಿಟಕಿ ಮುಚ್ಚಿ, ಕೈಗೆ ಸ್ಪಿರಿಟ್ ಹಚ್ಚಿ ಬಿತ್ತಿದೆ. ಆರನೇ ದಿನಕ್ಕೆ ಮೊದಲ ಬಾಟಲಿಯಲ್ಲಿ ಬಿಳಿ ಬೂಸಲು. ಹತ್ತನೇ ದಿನಕ್ಕೆ ಹನ್ನೆರಡರಲ್ಲೂ ಬೂಸಲು. ಕೆಲವು ಹಸಿರು, ಒಂದೆರಡು ಕಪ್ಪು. ಸಕ್ಕರೆಯ ಊಟ ಇಟ್ಟರೆ ಬೀಜಕ್ಕಿಂತ ಮೊದಲು ಪಂಕ್ತಿಗೆ ಬಂದು ಕೂರುವವರು ಇವರೇ. ಆ ಹೊತ್ತಿಗೆ ಊರಿನಿಂದ ಬಂದಿದ್ದ ಅವ್ವ ಬಾಟಲಿಗಳ ಸಾಲು ನೋಡಿ, "ಇದೇನೋ ತಮ್ಮಾ, ಉಪ್ಪಿನಕಾಯಿ ಕೆಡಿಸಿಯೇನು?" ಅಂದಳು.

ಎರಡನೇ ಸಲ ಬುದ್ಧಿ ಬಂತು. ಕಾಲೇಜಿನ ಗೆಳೆಯನೊಬ್ಬನ ಪರಿಚಯದಿಂದ ಬೆಂಗಳೂರಿನ ಹೊರಗಿನ ಒಂದು ಸಣ್ಣ ಅಂಗಾಂಶ ಕೃಷಿ ಲ್ಯಾಬಿಗೆ ಹೋದೆ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಶೋಧಿಸಿದ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ಮುಂದೆ ಕೂತು, ಚಿಮಟವನ್ನು ಬೆಂಕಿಗೆ ಹಿಡಿದು, ಮುಚ್ಚಳ ತೆಗೆದು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸಿ ಮುಚ್ಚುತ್ತಾರೆ. ಊಟದ ದ್ರಾವಣವನ್ನು ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಕಾಯನ್ನು ಹೊರಗಿನಿಂದ ಬ್ಲೀಚಿನಲ್ಲಿ ತೊಳೆದು, ಒಳಗೆ ಕೊಯ್ದು ಬಿತ್ತುತ್ತಾರೆ. ಕೆಲವು ವಾರಕ್ಕೆ ಬೀಜ ಉಬ್ಬಿ ಹಸಿರು ಗುಂಡಿಯಂತಾಗುತ್ತದೆ, ಅದರ ತುದಿಯಲ್ಲಿ ಎಲೆಯ ಚಿಗುರು, ಆಮೇಲೆ ಬೇರು. ನಡುನಡುವೆ ಹೊಸ ಬಾಟಲಿಗೆ ಬದಲಿಸಬೇಕು. ಒಂದು ವರ್ಷದ ಮೇಲೆ ನನ್ನ ಪಾಲಿಗೆ ನಲವತ್ತು ಸಸಿ ಬಂದವು, ಒಂದೊಂದೂ ಕಿರುಬೆರಳಿನ ಉಗುರಿನ ಎರಡರಷ್ಟು. ಬಾಟಲಿಯಿಂದ ಹೊರಗೆ ತಂದ ಮೊದಲ ಬೇಸಿಗೆಯಲ್ಲೇ ಇಪ್ಪತ್ತೊಂಬತ್ತು ಸತ್ತವು. ಹನ್ನೊಂದು ಉಳಿದಿವೆ. ಒಂದೂ ಹೂ ಬಿಟ್ಟಿಲ್ಲ. ಇನ್ನೂ ಮೂರ್ನಾಲ್ಕು ವರ್ಷ ಬೇಕು.

ಈಗ ಆ ಇನ್ನೂರು ರೂಪಾಯಿಯ ಗಿಡ ನೋಡಿ. ಹೂ ಬಿಡುವ ವಯಸ್ಸಿನ ಗಿಡ ಅಂದರೆ ಕಾಡಿನಲ್ಲಿ ಎಷ್ಟೋ ಮಳೆಗಾಲ ಕಂಡದ್ದು. ಲಕ್ಷ ಬೀಜದಲ್ಲಿ ಗೆದ್ದು ಬಂದದ್ದು. ಪ್ರತಿ ವರ್ಷ ಇನ್ನಷ್ಟು ಬೀಜ ಹಾರಿಸಬೇಕಿದ್ದ ತಾಯಿ. ಅದನ್ನು ಕೀಳೋಕೆ ಒಂದು ನಿಮಿಷ ಸಾಕು. ನಾವು ಅದಕ್ಕೆ ಕಟ್ಟಿದ ಬೆಲೆ ಒಂದು ಪಿಜ್ಜಾದ್ದಕ್ಕಿಂತ ಕಡಿಮೆ. ರಸ್ತೆ ಬದಿ ಮಾರುವ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮನೆಯ ಒಲೆ ಉರಿಯಬೇಕು. ಕಾರು ನಿಲ್ಲಿಸಿ, ಗಾಜಿಳಿಸಿ, "ನೂರೈವತ್ತಕ್ಕೆ ಕೊಡ್ತೀಯಾ?" ಅಂತ ಚೌಕಾಸಿ ಮಾಡುವ ನಮ್ಮ ಮೇಲೆ ಸಿಟ್ಟು.

ಹಂಗಂತ ಇದು ಕಾನೂನಿಗೆ ಬಿಟ್ಟ ವಿಷಯ ಅಂದುಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಗಿಡಗಳಿಗೆ ಜಾಗ ಸಿಕ್ಕಿದ್ದೇ 1991ರ ತಿದ್ದುಪಡಿಯಲ್ಲಿ. ಆಗ ಮಾಡಿದ ಪಟ್ಟಿಯಲ್ಲಿ ಇದ್ದದ್ದು ಆರೇ ನಮೂದು. ಅದರಲ್ಲಿ ಆರ್ಕಿಡ್ ಮೂರು: ನೀಲಿ ವಾಂಡಾ, ಕೆಂಪು ವಾಂಡಾ, ಲೇಡೀಸ್ ಸ್ಲಿಪ್ಪರ್. ಆ ಕೊನೆಯ ಗುಂಪಿಗೆ ಸೇರಿದ್ದೇ ಅಗಸ್ತ್ಯಮಲೆಯಲ್ಲಿ ಮಾತ್ರ ಇದ್ದ ಪ್ಯಾಫಿಯೋಪೆಡಿಲಂ ಡ್ರೂರಿ. ಸಂಗ್ರಹಕಾರರು ಕಿತ್ತು ಕಿತ್ತು ಅದನ್ನು ಅಳಿವಿನ ಅಂಚಿಗೆ ತಂದಿಟ್ಟರು. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದಲ್ಲಿ ಎಲ್ಲ ಆರ್ಕಿಡ್‌ಗಳ ಮೇಲೂ ಕಣ್ಣಿದೆ, ನಿಜ. ಆದರೆ ಘಾಟಿಯಿಂದ ಬಾಲ್ಕನಿಗೆ ಬರುವ ಗಿಡ ಯಾವ ವಿಮಾನ ನಿಲ್ದಾಣವನ್ನೂ ದಾಟುವುದಿಲ್ಲ. ಮೀಸಲು ಅರಣ್ಯದಿಂದ ಕೀಳುವುದು ಅಪರಾಧವೇ. ಮಡಚಿದ ಪೇಪರಿನೊಳಗೆ ನೋಡುವವರು ಯಾರು?

ಇಷ್ಟು ಹೇಳಿದರೆ ಬುದ್ಧಿವಂತನೊಬ್ಬ ಕೈ ಎತ್ತುತ್ತಾನೆ: "ಸರಿ, ಟಿಶ್ಯೂ ಕಲ್ಚರ್ ಇದೆಯಲ್ಲ, ಒಂದರಿಂದ ಲಕ್ಷ ಮಾಡಬಹುದಲ್ಲ, ಮತ್ಯಾಕೆ ಚಿಂತೆ?" ನನ್ನ ನಿಜವಾದ ಜಗಳ ಇವನ ಜೊತೆಗೇ.

ಟಿಶ್ಯೂ ಕಲ್ಚರ್ ಅನ್ನೋ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸ ನಡೆಯುತ್ತವೆ. ಒಂದು, 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಆರ್ಕಿಡ್‌ನಲ್ಲಿ ತೋರಿಸಿದ್ದು: ಗಿಡದ ಚಿಗುರಿನ ತುದಿಯನ್ನು ಕತ್ತರಿಸಿ, ಅದರಿಂದ ಅದರಂಥದ್ದೇ ಸಾವಿರ ಗಿಡ ಮಾಡುವುದು. ನೀವು ಮ್ಯಾನೇಜರಿನ ಗೃಹಪ್ರವೇಶಕ್ಕೆ ಕೊಡುವ ನೇರಳೆ ಫಲೆನಾಪ್ಸಿಸ್ ಇಂಥ ಕಾಪಿ-ಪೇಸ್ಟ್. ಅದು ತಪ್ಪಲ್ಲ, ಕಾಡಿನಿಂದ ಕಿತ್ತದ್ದಕ್ಕಿಂತ ನೂರು ಪಾಲು ವಾಸಿ. ಎರಡನೆಯದು, ಬೀಜದಿಂದ ಬೆಳೆಸುವುದು. ಇಲ್ಲಿ ಪ್ರತಿ ಸಸಿಯೂ ಬೇರೆ. ಒಂದು ಬರ ತಡೆದೀತು, ಇನ್ನೊಂದು ರೋಗ ತಡೆದೀತು. ಕಾಡಿಗೆ ಮರಳಿಸಬೇಕಾದರೆ ಬೇಕಾದ್ದು ಇದು, ಅದೂ ಒಂದೇ ತಾಯಿಯದ್ದಲ್ಲ, ಆಯಾ ಜಾಗದ ಹಲವು ತಾಯಂದಿರ ಬೀಜ.

ನಮ್ಮವರಿಗೆ ಇದನ್ನು ಪುಸ್ತಕದಿಂದ ಹೇಳಬೇಕಿಲ್ಲ. ಮಾನ್ವಿ ಕಡೆಯ ನನ್ನ ಸೋದರಮಾವನ ಹೊಲದಲ್ಲಿ ಜಿ-9 ಬಾಳೆ ಇದೆ, ಲ್ಯಾಬಿನ ಸಸಿ. ಎಲ್ಲವೂ ಒಂದೇ ಎತ್ತರ, ಒಂದೇ ಹೊತ್ತಿಗೆ ಗೊನೆ, ಮಾವ ಖುಷಿ. ಆದರೆ ಒಂದಕ್ಕೆ ಬಂದ ರೋಗ ಅಷ್ಟಕ್ಕೂ ಬರುತ್ತದೆ ಅನ್ನೋದು ಅವನಿಗೂ ಗೊತ್ತು. ಜಗತ್ತು ಹಿಂದೆ ತಿನ್ನುತ್ತಿದ್ದ ಗ್ರೋಸ್ ಮಿಷೆಲ್ ಬಾಳೆಯ ತೋಟಗಳನ್ನು ಪನಾಮಾ ರೋಗ ಮುಗಿಸಿದ್ದು ಹೀಗೇ. ನಮ್ಮ ನಂಜನಗೂಡು ರಸಬಾಳೆಗೂ ಅದೇ ರೋಗ ಬಡಿಯಿತು. ವೆನಿಲ್ಲಾ ನೆನಪಿದೆಯಾ? ಅದೂ ಆರ್ಕಿಡ್ಡೇ. 2003ರ ಸುಮಾರಿಗೆ ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ತೋಟಗಳಲ್ಲಿ ಬಳ್ಳಿ ತುಂಡು ಮಾಡಿ ಮಾಡಿ ನೆಟ್ಟರು. ಬೆಲೆ ಬಿತ್ತು, ಬಳ್ಳಿಗೆ ಕೊಳೆರೋಗ ಬಂತು, ಕಥೆ ಮುಗಿಯಿತು. ತುಂಡಿನಿಂದ ಮಾಡಿದ ತುಂಡು ಎಲ್ಲವೂ ಒಂದೇ ಗಿಡ. ಅದು ಸಂಖ್ಯೆಯನ್ನು ಹೆಚ್ಚಿಸುತ್ತದೆ, ಶಕ್ತಿಯನ್ನಲ್ಲ.

ಬೀಜ ಕೈತಪ್ಪಿದರೆ ಏನಾಗುತ್ತದೆ ಅನ್ನೋದೂ ನಮಗೆ ಗೊತ್ತು. ನಮ್ಮಜ್ಜಿ ಜೋಳದ ಬೀಜಕ್ಕೆ ಬೂದಿ ಬೆರೆಸಿ ಗಡಿಗೆಯಲ್ಲಿ ಮುಂದಿನ ವರ್ಷಕ್ಕೆ ಇಡುತ್ತಿದ್ದಳು. 2002ರಲ್ಲಿ ದೇಶಕ್ಕೆ ಬಿಟಿ ಹತ್ತಿ ಬಂತು. ಅದಾದ ಮೇಲೆ ನಮ್ಮಪ್ಪ ಪ್ರತಿ ಮುಂಗಾರಿಗೆ ದೇವದುರ್ಗದ ಅಂಗಡಿ ಮುಂದೆ ಪಾಕೀಟಿಗೆ ಪಾಳಿ ಹಚ್ಚುತ್ತಾನೆ. ಹೈಬ್ರಿಡ್ ಬೀಜ ಉಳಿಸಿ ಬಿತ್ತಿದರೆ ಅದೇ ಬೆಳೆ ಬರೋದಿಲ್ಲ. ಹತ್ತಿ ಒಳ್ಳೆಯದೋ ಕೆಟ್ಟದ್ದೋ ಅನ್ನೋ ಜಗಳ ಬೇರೆ. ನಾನು ಹೇಳೋದು ಇಷ್ಟೇ: ಬೀಜದ ಯಜಮಾನಿಕೆ ಒಮ್ಮೆ ಹೋದರೆ ಮತ್ತೆ ಬರೋದು ಕಷ್ಟ. ಕಾಡಿನ ಗಿಡಕ್ಕೂ ಅದೇ ಮಾತು.

ಇನ್ನು ಕೆಲವರ ಜಾಣತನ: "ಲ್ಯಾಬಿನಲ್ಲಿ ಇದ್ದಮೇಲೆ ಕಾಡು ಹೋದರೂ ಗಿಡ ಉಳೀತಲ್ಲ." ಬ್ಯಾಕಪ್ ಇದೆ ಅಂತ ಪ್ರೊಡಕ್ಷನ್ ಡೇಟಾಬೇಸ್ ಅಳಿಸಿದವನನ್ನು ನಿಮ್ಮ ಕಂಪನಿಯಲ್ಲಿ ಏನು ಮಾಡ್ತೀರಿ? ಅದೂ ಒಮ್ಮೆಯೂ ರಿಸ್ಟೋರ್ ಮಾಡಿ ನೋಡದ ಬ್ಯಾಕಪ್! ಬಾಟಲಿಯ ಸಸಿಗೆ ಸಕ್ಕರೆ ಕೊಟ್ಟು ಸಾಕಬಹುದು. ಮರಕ್ಕೆ ಕಟ್ಟಿದ ಮೇಲೆ ಅದರ ಮುಂದಿನ ತಲೆಮಾರಿನ ಬೀಜಕ್ಕೆ ಆ ಮರದಲ್ಲಿ ಆ ಶಿಲೀಂಧ್ರ ಬೇಕು, ಹೂವಿಗೆ ಅದರದ್ದೇ ಕೀಟ ಬೇಕು, ಇವೆಲ್ಲಕ್ಕೂ ಮರ ಬೇಕು. ಕಾಡಿಲ್ಲದ ಲ್ಯಾಬು ಅಂದರೆ ಸೀಸೆಯಲ್ಲಿಟ್ಟ ಶ್ರಾದ್ಧ.

ಮಾಡಿದವರು ಇಲ್ಲವಾ? ಇದ್ದಾರೆ. ಕೇರಳದ ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನದ ವಿಜ್ಞಾನಿಗಳು ಇಪ್ಸಿಯಾ ಮಲಬಾರಿಕಾ, ವಾಂಡಾ ಸ್ಪ್ಯಾತುಲಾಟಾ ಎಂಬ ಆರ್ಕಿಡ್‌ಗಳನ್ನು ಲ್ಯಾಬಿನಲ್ಲಿ ಬೆಳೆಸಿ ಕಾಡಿಗೆ ಮರಳಿ ನೆಟ್ಟಿದ್ದಾರೆ. ಸಿಂಗಪುರದ ಸಸ್ಯೋದ್ಯಾನ 1995ರಿಂದ ತನ್ನ ನೆಲದ ಆರ್ಕಿಡ್‌ಗಳನ್ನು ಬೀಜದಿಂದ ಬೆಳೆಸಿ ಪಾರ್ಕಿನ ಮರಗಳಿಗೆ, ರಸ್ತೆ ಬದಿಯ ಮರಗಳಿಗೆ ಕಟ್ಟುತ್ತಿದೆ. ಆನ್‌ಸೈಟಿಗೆ ಅಲ್ಲಿಗೆ ಹೋದವರು ಮಾಲ್ ಬಿಟ್ಟು ಒಮ್ಮೆ ತಲೆ ಎತ್ತಿ ನೋಡಬಹುದಿತ್ತು. ಫ್ಲೋರಿಡಾದ ಮಯಾಮಿಯಲ್ಲಿ ಒಂದು ಸಸ್ಯೋದ್ಯಾನ ಶಾಲಾಮಕ್ಕಳ ಕೈಯಲ್ಲೇ ಬಾಟಲಿಯ ಸಸಿ ಸಾಕಿಸಿ ಊರಿನ ಮರಗಳಿಗೆ ಏರಿಸುತ್ತಿದೆ. ನಮ್ಮಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ, ಕೊಡಗಿನ ಚೆಟ್ಟಳ್ಳಿಯಲ್ಲಿ ಅದರ ಕೇಂದ್ರವಿದೆ, ಕೃಷಿ ವಿಶ್ವವಿದ್ಯಾಲಯಗಳಿವೆ, ಬಯೋಟೆಕ್ನಾಲಜಿ ಕಲಿಸುವ ಕಾಲೇಜುಗಳಿಗೆ ಲೆಕ್ಕವಿಲ್ಲ. ಎಲ್ಲರೂ ಬಾಳೆಯನ್ನೇ ಕಾಪಿ ಮಾಡುತ್ತಾ ಕೂತರೆ ಸೀತಾಳೆಯ ಬೀಜ ಬಿತ್ತುವವರು ಯಾರು?

ಊರಿಗೆ ಹೋದಾಗ ಕಾಕಾ ಇದನ್ನೆಲ್ಲ ಕೇಳಿ ನಕ್ಕ. "ನಮ್ಮೂರಾಗ ಅರ್ಧ ಮಂದಿ ಗುಳೆ ಹೋಗ್ಯಾರ, ನೀ ಬಾಟ್ಲ್ಯಾಗ ಹೂ ಬೆಳಸ್ತಿಯಲ್ಲೋ!" ಈ ಮಾತಿಗೆ ನಾನು ಹಗುರವಾಗಿ ಉತ್ತರ ಕೊಡಲಾರೆ. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಅನ್ನೋ ಚಂದದ ಹೆಸರಿಟ್ಟು ಹಿಂದುಳಿದ ಜಿಲ್ಲೆಗಳ ಪಟ್ಟಿ ಮಾಡಿದಾಗ ನಮ್ಮ ರಾಜ್ಯದಿಂದ ಅದರಲ್ಲಿದ್ದದ್ದು ಎರಡು: ರಾಯಚೂರು, ಯಾದಗಿರಿ. ಹೊಟ್ಟೆ ಮೊದಲು, ಹೂವು ಆಮೇಲೆ, ಒಪ್ಪಿದೆ. ಆದರೆ ಕಾಕಾ, ನಿನ್ನ ಮಗಳು ಬಯೋಟೆಕ್ನಾಲಜಿ ಓದಿ ಈಗ ಬೆಂಗಳೂರಿನಲ್ಲಿ ರಾತ್ರಿಪಾಳಿಯಲ್ಲಿ ಯಾರದೋ ಕ್ರೆಡಿಟ್ ಕಾರ್ಡಿನ ದೂರು ಕೇಳುತ್ತಿದ್ದಾಳೆ. ಅದೂ ಗುಳೆಯೇ, ಎಸಿ ಇದೆ ಅಷ್ಟೇ. ಬೀಜ ಬಿತ್ತುವ ಲ್ಯಾಬಿಗೆ ಮಲೆನಾಡಿನ ಮಳೆ ಬೇಕಿಲ್ಲ. ಶುದ್ಧ ಕೈ, ತಾಳ್ಮೆ, ತಪ್ಪದ ಕರೆಂಟು ಬೇಕು. ಕೈಯೂ ತಾಳ್ಮೆಯೂ ನಮ್ಮ ಹುಡುಗಿಯರಿಗೆ ಬೇಕಾದಷ್ಟಿದೆ. ಶಕ್ತಿನಗರದ 1720 ಮೆಗಾವ್ಯಾಟ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಹೊಗೆ ಬಿಡುತ್ತಿರುವಾಗ ಕರೆಂಟು ಯಾಕೆ ಇಲ್ಲ ಅನ್ನೋದನ್ನು ನಾವು ಬೇರೆಯವರನ್ನು ಕೇಳಬೇಕು. ಒಣ ಮರಗಳ ಮೇಲೂ ಬದುಕುವ ವಾಂಡಾ ಟೆಸ್ಸೆಲಾಟಾದಂಥ ಆರ್ಕಿಡ್‌ಗಳು ದಖ್ಖನ್ನಿನಲ್ಲಿವೆ. ನಾವು ಅವನ್ನು ಬದನಿಕಿ ಅಂತ ಕಿತ್ತು ಹಾಕುವ ಮೊದಲು ಒಮ್ಮೆ ನೋಡಬೇಕು. ಕಾಕಾ ಪೂರ್ತಿ ಒಪ್ಪಲಿಲ್ಲ. ಆದರೆ "ಪಗಾರ ಎಷ್ಟು ಕೊಡ್ತಾರ?" ಅಂತ ಕೇಳಿದ. ನನಗೆ ಅದೇ ಸರಿಯಾದ ಪ್ರಶ್ನೆ ಅನ್ನಿಸಿತು. ಆ ಲ್ಯಾಬಿನ ಹೆಣ್ಣುಮಕ್ಕಳಿಗೆ ಸಿಗುವ ಸಂಬಳ ಅವರ ಕೈಚಳಕಕ್ಕೆ ತಕ್ಕದ್ದಲ್ಲ. ಇದನ್ನು ಮುಚ್ಚಿಟ್ಟು ನಾನು ಹಸಿರಿನ ಹಾಡು ಹಾಡಲಾರೆ.

ಹಾಗಾದರೆ ಮಾಡಬೇಕಾದ್ದೇನು? ನೀವು ಕೊಳ್ಳುವವರು: ಬೇರಿಗೆ ತೊಗಟೆ ಅಂಟಿದ, ಬೇರು ಹರಿದ, ಎಲೆಯ ಮೇಲೆ ಕಾಡಿನ ಗಾಯವಿರುವ ಗಿಡ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ನರ್ಸರಿಯಲ್ಲಿ "ಇದು ಬಾಟಲಿಯಿಂದ ಬಂದದ್ದಾ?" ಅಂತ ಕೇಳಿ. ಉತ್ತರ ತೊದಲಿದರೆ ಬಿಟ್ಟು ಬನ್ನಿ. ಲ್ಯಾಬ್ ನಡೆಸುವವರು: ನಿಮ್ಮ ಸಾವಿರ ಬಾಳೆ ಸಸಿಯ ಪಕ್ಕದಲ್ಲಿ ಒಂದೇ ಒಂದು ಕಪಾಟನ್ನು ನಮ್ಮ ನೆಲದ ಆರ್ಕಿಡ್‌ಗೆ ಕೊಡಿ, ಅನುಮತಿ ಪಡೆದು ಹಲವು ತಾಯಿಗಿಡಗಳ ಬೀಜ ತನ್ನಿ, ಯಾವ ಬೀಜ ಯಾವ ಜಾಗದ್ದು ಅಂತ ಬರೆದಿಡಿ. ತೆರಿಗೆಯ ಹಣದಲ್ಲಿ ಓಡುವ ಲ್ಯಾಬುಗಳು: ನಿಮ್ಮ ವರದಿಯಲ್ಲಿ ಎಷ್ಟು ಸಸಿ ಮಾಡಿದಿರಿ ಅನ್ನೋದಷ್ಟೇ ಸಾಲದು, ಮರಕ್ಕೆ ಕಟ್ಟಿದವು ಎಷ್ಟು, ಐದು ವರ್ಷದ ಮೇಲೆ ಬದುಕಿದ್ದು ಎಷ್ಟು ಅನ್ನೋದನ್ನೂ ಹೇಳಿ.

ಕಳೆದ ವಾರ ಫೋಟೋ ಹಾಕಿದ ಸಹೋದ್ಯೋಗಿ ನನ್ನ ಟೇಬಲ್ ಹತ್ತಿರ ಬಂದ. ಮುಖ ಸಪ್ಪಗಿತ್ತು. "ಸರಿ ಮಾರಾಯ, ತಂದಾಯ್ತು. ಈಗ ಏನ್ ಮಾಡ್ಲಿ?" ಎಸೆಯಬೇಡ ಅಂದೆ. ಅವನ ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ ಒಂದು ಮಾವಿನ ಮರ ಇದೆ. ಇಬ್ಬರೂ ಹೋಗಿ ನೆರಳಿರುವ ಕೊಂಬೆಗೆ ತೆಂಗಿನ ನಾರು ಇಟ್ಟು ಹತ್ತಿ ದಾರದಲ್ಲಿ ಕಟ್ಟಿದೆವು. ವಾಚ್‌ಮನ್ ಬಂದು, "ಏನ್ ಸಾರ್, ಹರಕೆನಾ?" ಅಂತ ಕೇಳಿದ.

ಅಲ್ಲ ಅಂದೆ. ದಂಡ.